ಒಂದೇ ಪರದೆಯ ತರಗತಿಗೆ ಯಾವ ಪ್ರಯೋಗಾಲಯ?

ದೂರದ ಹಳ್ಳಿಯ ಶಾಲೆಗೆ ವರ್ಚುವಲ್ ಪ್ರಯೋಗಾಲಯ, ಅಂದರೆ ಪರದೆಯ ಮೇಲೆ ಪ್ರಯೋಗ ಮಾಡಿಸುವ ತಂತ್ರಾಂಶ, ಬೇಕೇ ಬೇಡವೇ ಎಂಬ ವಾದದಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಯಾವುದು, ಯಾವ ಪಾಠಕ್ಕೆ ಎಂಬುದಷ್ಟೇ ಪ್ರಶ್ನೆ. ಫೆಟ್, ಓಲ್ಯಾಬ್ಸ್ ಎಂಬ ಜಾಲತಾಣಗಳು, ಫೈಫಾಕ್ಸ್ ಎಂಬ ಮೊಬೈಲ್ ಆ್ಯಪ್, ಈ ಮೂರನ್ನೂ ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಮತ್ತು ನನ್ನ ಮೊಬೈಲ್ ಇಟ್ಟುಕೊಂಡು ಪ್ರೌಢಶಾಲೆಯ ಮಕ್ಕಳಿಗೆ ಬಳಸಿ ನೋಡಿದ್ದೇನೆ. ನಾನು ಗಮನಿಸಿದ್ದು ಎರಡೇ ಸಂಗತಿ: ನೆಟ್‌ವರ್ಕ್ ಹೋದರೆ ಪಾಠ ನಿಲ್ಲುತ್ತದೆಯೇ? ಹಿಂದಿನ ಬೆಂಚಿನವರು ಬಾಯಿ ತೆರೆಯುತ್ತಾರೆಯೇ? ಚಿತ್ರಗಳ ಅಂದಚಂದಕ್ಕೆ ಅಂಕ ಕೊಟ್ಟಿಲ್ಲ.

ಮೊದಲ ಪರೀಕ್ಷೆಯಲ್ಲಿ ಫೆಟ್ ಸುಲಭವಾಗಿ ಗೆಲ್ಲುತ್ತದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಇದು. ಇದರ ಎಚ್‌ಟಿಎಂಎಲ್5 ಸಿಮ್ಯುಲೇಶನ್‌ಗಳನ್ನು, ಅಂದರೆ ಬ್ರೌಸರ್‌ನಲ್ಲೇ ಓಡುವ ಪ್ರಯೋಗದ ಅನುಕರಣೆಗಳನ್ನು, ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ದರೆ ಸಾಕು, ಇಂಟರ್‌ನೆಟ್ ಇಲ್ಲದ ಬ್ರೌಸರ್‌ನಲ್ಲೂ ತೆರೆದುಕೊಳ್ಳುತ್ತವೆ. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ನಾಲ್ಕಾರು ಟ್ಯಾಬ್ಲೆಟ್‌ಗಳಿರುವ ಶಾಲೆಯಾದರೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ನಲ್ಲಿ ಇಂಟರ್‌ನೆಟ್ ಇಲ್ಲದೆ ಪಾಠ ಹಂಚುವ ಕೊಲಿಬ್ರಿ ತಂತ್ರಾಂಶ ಹಾಕಿ, ಸ್ಥಳೀಯ ವೈಫೈ ಮೂಲಕವೇ ಎಲ್ಲರಿಗೂ ಹಂಚಬಹುದು. ಫೈಫಾಕ್ಸ್‌ಗೂ ಇಂಟರ್‌ನೆಟ್ ಬೇಕಿಲ್ಲ. ಓಲ್ಯಾಬ್ಸ್ ಅನ್ನು ನಾನು ಜಾಲತಾಣದಲ್ಲೇ ಬಳಸಿದ್ದರಿಂದ ಸಿಗ್ನಲ್ ಇದ್ದ ದಿನಗಳಿಗಷ್ಟೇ ಅದನ್ನು ಇಟ್ಟುಕೊಂಡೆ.

ಎರಡನೆಯ ಪರೀಕ್ಷೆಗೆ ವಿದ್ಯುತ್ ಮಂಡಲದ ಪಾಠಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಒಂದೇ ಬಗೆಯ ಎರಡು ಬಲ್ಬ್ ಜೋಡಿಸಿ, ಸ್ವಿಚ್ ಒತ್ತುವ ಮೊದಲೇ ಯಾವುದು ಹೆಚ್ಚು ಬೆಳಗುತ್ತದೆ ಎಂದು ಎಲ್ಲರಿಂದಲೂ ಕೈ ಎತ್ತಿಸುತ್ತೇನೆ. ಮೊದಲ ಬಲ್ಬ್ ಕರೆಂಟನ್ನು ತಿಂದು ಮಿಕ್ಕಿದ್ದನ್ನು ಎರಡನೆಯದಕ್ಕೆ ಕಳಿಸುತ್ತದೆ ಎಂದು ನಂಬುವವರೇ ಬಹಳ. ಫೆಟ್‌ನಲ್ಲಿ ನೀಲಿ ಎಲೆಕ್ಟ್ರಾನುಗಳು ಬಲ್ಬಿನ ಹಿಂದೆಯೂ ಮುಂದೆಯೂ ಒಂದೇ ವೇಗದಲ್ಲಿ ಸಾಗುವುದನ್ನು ಕಂಡಾಗ ಗದ್ದಲ ಶುರುವಾಗುತ್ತದೆ. ನನಗೆ ಬೇಕಿದ್ದುದು ಆ ಗದ್ದಲವೇ. ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಏಳುತ್ತದೆ. ನಿಜವಾದ ಬ್ಯಾಟರಿಯಲ್ಲಿ ಈ ಆಟಕ್ಕೆ ನಾನು ಯಾರನ್ನೂ ಬಿಡುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಆ ನೀಲಿ ಚೆಂಡುಗಳ ಓಟ ನೋಡಿ ಎಲೆಕ್ಟ್ರಾನುಗಳು ತಂತಿಯಲ್ಲಿ ದೌಡಾಯಿಸುತ್ತವೆ ಎಂದು ಮಕ್ಕಳು ತಿಳಿಯುತ್ತಾರೆ. ಸಾಮಾನ್ಯ ತಾಮ್ರದ ತಂತಿಯಲ್ಲಿ ಅವು ಒಟ್ಟಾರೆ ಮುಂದೆ ಸರಿಯುವುದು ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆ. ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಸಿಮ್ಯುಲೇಶನ್‌ನಲ್ಲಿ ಕಲಿತ ಕಾಲೇಜು ವಿದ್ಯಾರ್ಥಿಗಳು ನಿಜವಾದ ಮಂಡಲ ಜೋಡಿಸುವುದರಲ್ಲೂ ಉಪಕರಣ ಹಿಡಿದು ಕಲಿತವರಿಗಿಂತ ಮುಂದಿದ್ದರು ಎಂದು ಕೊಲರಾಡೊದಲ್ಲೇ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಇರಬಹುದು. ಆದರೆ ಪರದೆಯ ಮೇಲಿನ ತಂತಿ ಎಂದೂ ಸಡಿಲವಾಗುವುದಿಲ್ಲ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಫೆಟ್ ಮುಗಿದ ಮೇಲೆ ಒಂದು ಶುಷ್ಕಕೋಶ, ಒಂದು ಟಾರ್ಚ್ ಬಲ್ಬ್ ಕೊಟ್ಟು ಹೊತ್ತಿಸಲು ಹೇಳುವುದನ್ನು ನಾನು ಬಿಟ್ಟಿಲ್ಲ.

ಓಲ್ಯಾಬ್ಸ್‌ನ ದಾರಿ ಬೇರೆ. ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸೇರಿ ರೂಪಿಸಿದ ಇದರಲ್ಲಿ 9ರಿಂದ 12ನೇ ತರಗತಿಯ ಪಠ್ಯದ ಪ್ರಯೋಗಗಳಿಗೆ ಸಿದ್ಧಾಂತ, ವಿಧಾನ, ಸಿಮ್ಯುಲೇಟರ್, ವಿಡಿಯೊ, ಮೌಖಿಕ ಪರೀಕ್ಷೆಯ ಪ್ರಶ್ನೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಪರೀಕ್ಷೆಯ ತಯಾರಿಗೆ ಇದನ್ನು ಮೀರಿಸುವುದು ಕಷ್ಟ. ಮರುದಿನದ ಪಾಠಕ್ಕೆ ಸಿದ್ಧವಾಗುವ ಶಿಕ್ಷಕನಿಗಂತೂ ವರವೇ. ಆದರೆ ಒಂದೇ ಪರದೆಯ ತರಗತಿಯಲ್ಲಿ ಒಬ್ಬರು ಮೌಸ್ ಹಿಡಿದು ಹಂತ ಪಾಲಿಸಿದರೆ ಉಳಿದವರು ಪ್ರೇಕ್ಷಕರಾಗುತ್ತಾರೆ. ಮುಂದೇನಾಗಬಹುದು ಎಂದು ಊಹಿಸಲು ಫೆಟ್‌ನಲ್ಲಿರುವಷ್ಟು ಎಡೆ ಇಲ್ಲಿಲ್ಲ.

ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಅನ್ನು ವರ್ಚುವಲ್ ಎನ್ನುವುದೇ ತಪ್ಪು. ಅದು ಮೊಬೈಲಿನ ಸಂವೇದಕಗಳನ್ನೇ ಅಳತೆಯ ಉಪಕರಣಗಳನ್ನಾಗಿ ಮಾಡುತ್ತದೆ. ಎರಡು ಮೊಬೈಲ್‌ಗಳನ್ನು ಐದು ಮೀಟರ್ ದೂರದಲ್ಲಿಟ್ಟು, ಎರಡರಲ್ಲೂ ಶಬ್ದಕ್ಕೆ ಓಡಿ ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ತೆರೆದು, ಮೊದಲನೆಯದರ ಬಳಿ ಒಬ್ಬರು, ಆಮೇಲೆ ಎರಡನೆಯದರ ಬಳಿ ಇನ್ನೊಬ್ಬರು ಚಪ್ಪಾಳೆ ತಟ್ಟಿದರೆ ಎರಡೂ ತೋರಿಸುವ ಸಮಯದಲ್ಲಿ ಸುಮಾರು 29 ಮಿಲಿಸೆಕೆಂಡು ವ್ಯತ್ಯಾಸ ಬರಬೇಕು. ಎರಡು ಚಪ್ಪಾಳೆಗಳ ಶಬ್ದವೂ ಐದೈದು ಮೀಟರ್ ಸಾಗುವುದರಿಂದ, ಹತ್ತು ಮೀಟರನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ. ನಮ್ಮ ಉತ್ತರ ಪ್ರತಿ ಸಲವೂ ಒಂದಿಷ್ಟು ಆಚೀಚೆ ಆಯಿತು. ಚಪ್ಪಾಳೆ ತಟ್ಟಿದ ಜಾಗ ಸರಿಯಿಲ್ಲ, ನಡುವೆ ಯಾರೋ ಬೆಂಚು ಎಳೆದರು ಎಂದು ಮಕ್ಕಳೇ ಕಾರಣ ಹುಡುಕಿ ಮತ್ತೆ ಅಳೆದರು. ಮೊಬೈಲಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿದರೆ ಅಂಕಿಗಳು ಪ್ರೊಜೆಕ್ಟರ್‌ನಲ್ಲೂ ಕಾಣುತ್ತವೆ. ಎಲ್ಲ ಮೊಬೈಲ್‌ಗಳಲ್ಲೂ ಎಲ್ಲ ಸಂವೇದಕಗಳಿರುವುದಿಲ್ಲ ಎಂಬುದೇ ತೊಡಕು. ಲೋಲಕದ ಪ್ರಯೋಗಕ್ಕೆ ಬೇಕಾದ, ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ಅಗ್ಗದವುಗಳಲ್ಲಿ ಹಲವು ಬಾರಿ ಇರುವುದೇ ಇಲ್ಲ.

ಒಂದನ್ನೇ ಆರಿಸಿಕೊಳ್ಳಿ ಎಂದರೆ ಫೆಟ್. ಎರಡಕ್ಕೆ ಅವಕಾಶವಿದ್ದರೆ ಜೊತೆಗೆ ಫೈಫಾಕ್ಸ್, ಪರೀಕ್ಷೆ ಹತ್ತಿರ ಬಂದಾಗ ಓಲ್ಯಾಬ್ಸ್. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಟೈಟ್ರೇಶನ್‌ಗೆ ಮಾತ್ರ ಮೂರನ್ನೂ ನೆಚ್ಚುವುದಿಲ್ಲ. ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯ ನಲ್ಲಿಯನ್ನು ಬೆರಳಲ್ಲಿ ಹಿಡಿದು, ಬಣ್ಣದ ಸೂಚಕ ಫಿನಾಫ್ತಲೀನ್ ಗುಲಾಬಿಗೆ ತಿರುಗುವ ಹನಿಗೆ ನಿಲ್ಲಿಸುವುದು ಕೈಗೇ ಬರಬೇಕಾದ ವಿದ್ಯೆ. ಅದಕ್ಕಾಗಿ ಶಾಲೆಗೆ ಒಂದಾದರೂ ಬ್ಯುರೆಟ್ ತರಿಸಿ.