ಚಿಕನ್ ರನ್: ಎರಡು ವರ್ಷದಿಂದ ಅದೇ ಬೇಲಿ, ಅದೇ ನಾಯಿ

ರಾತ್ರಿ ಒಂಬತ್ತೂವರೆ. ಪಾತ್ರೆ ತೊಳೆದು, ಇಡ್ಲಿ ಹಿಟ್ಟು ಮುಚ್ಚಿಟ್ಟು ನಾನು ಹಾಲಿಗೆ ಬರುವಷ್ಟರಲ್ಲಿ ಮಗ ‘ಚಿಕನ್ ರನ್’ ವಿಡಿಯೋ ಗೇಮ್ ಆಡಲು ಎಲ್ಲ ರೆಡಿ ಮಾಡಿರುತ್ತಾನೆ. ಹಳದಿ ವೈರು ಹಳದಿಗೆ, ಬಿಳಿ ಬಿಳಿಗೆ, ಕೆಂಪು ಕೆಂಪಿಗೆ. ಕಪ್ಪು ತಳದ ಡಿಸ್ಕನ್ನು ಸೆರಗಲ್ಲಿ ಒರೆಸುವ ಕೆಲಸ ಮಾತ್ರ ನನ್ನದು. ನಡುವಿಂದ ಅಂಚಿಗೆ ಒರೆಸಬೇಕು, ಸುತ್ತಿಸಿ ಒರೆಸಬಾರದು. ಡಿಸ್ಕ್ ಕೂರಿಸಿ, ಮುಚ್ಚಳ ಹಾಕಿ, ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ ಪ್ಲೇಸ್ಟೇಷನ್ ಅನ್ನು ತಲೆಕೆಳಗಾಗಿ ಇಡುತ್ತೇವೆ. ಮೊದಲ ಪ್ಲೇಸ್ಟೇಷನ್ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ನೆಟ್ಟಗಿಟ್ಟರೆ ನಮ್ಮದು ಡಿಸ್ಕ್ ಓದುವುದೇ ಇಲ್ಲ.

ಬೆಂಗಳೂರಿನ ಸಂಡೇ ಬಜಾರಲ್ಲಿ ಈ ಡಿಸ್ಕೂ ಸೇರಿ ಇಡೀ ಸೆಟ್ಟಿಗೆ 2,200 ರೂಪಾಯಿ ಕೊಟ್ಟೆವು. ಹೊಸ ಮಾಡೆಲ್ ಕೊಳ್ಳುವ ಶಕ್ತಿ ನಮಗಿಲ್ಲ. ಚಿಕ್ಕಬಳ್ಳಾಪುರಕ್ಕೆ ಬರುವ ಬಸ್ಸಲ್ಲಿ ಮಗ ಅದನ್ನು ತೊಡೆ ಮೇಲಿಂದ ಇಳಿಸಲಿಲ್ಲ.

ಕತೆ ಸಿನಿಮಾದ್ದೇ. 2000ದಲ್ಲಿ ಆರ್ಡ್‌ಮನ್ ಸ್ಟುಡಿಯೋಗಾಗಿ ಪೀಟರ್ ಲಾರ್ಡ್ ಮತ್ತು ನಿಕ್ ಪಾರ್ಕ್ ಮಾಡಿದ ಜೇಡಿಮಣ್ಣಿನ ಗೊಂಬೆಗಳ ಸಿನಿಮಾ. ಅದೇ ವರ್ಷ ಬ್ಲಿಟ್ಜ್ ಗೇಮ್ಸ್‌ನವರು ಮಾಡಿದ ಆಟವೂ ಬಂತು. ಮೊಟ್ಟೆ ಇಡದಿದ್ದರೆ ಕತ್ತು ಹೋಗುವ ಒಂದು ಫಾರಂ. ಜಿಂಜರ್ ಅನ್ನುವ ಹೇಂಟೆ ತನ್ನೊಬ್ಬಳ ಜೀವ ಉಳಿಸಿಕೊಂಡರೆ ಸಾಲದು, ಎಲ್ಲರನ್ನೂ ಕರೆದುಕೊಂಡೇ ಹೋಗಬೇಕು. ಅದಕ್ಕೆ ಬೇಕಾದ ಸಾಮಾನನ್ನು ಯಾರ ಕಣ್ಣಿಗೂ ಬೀಳದೆ ಒಂದೊಂದಾಗಿ ಕೂಡಿಸಬೇಕು.

ಇಲ್ಲಿ ಹೊಡೆದು ಬಡಿದು ಗೆಲ್ಲುವ ಹಾಗಿಲ್ಲ. ಕಾಯಬೇಕು. ಫಾರಂ ಕಾಯುವ ನಾಯಿ ಆ ಕಡೆ ತಿರುಗುವ ತನಕ ಮರೆಯಲ್ಲಿ ನಿಲ್ಲಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವವರು. ಆದರೆ ಆಡುವ ಮುಕ್ಕಾಲು ಗಂಟೆ ನಾನೂ ಮಗನೂ ಪಿಸುಮಾತಲ್ಲೇ ಇರುತ್ತೇವೆ. ‘ಅಮ್ಮಾ, ಈಗ ಬೇಡ... ಬೇಡ... ಹಾಂ, ಹೋಗು!’ ಇಷ್ಟು ಸುಖ ಕೊಡುತ್ತದೆ ಅಂತ ತರುವಾಗ ಅಂದುಕೊಂಡಿರಲಿಲ್ಲ.

ಆದರೆ ಕ್ಯಾಮೆರಾ, ಅಂದರೆ ಆಟ ನಮಗೆ ಯಾವ ಕಡೆಯಿಂದ ತೋರಿಸುತ್ತದೆ ಅನ್ನುವುದು! ಈ ಆಟದ ದೊಡ್ಡ ತೊಂದರೆ ಅದೇ. ನಾನು ನೋಡಬೇಕಾದದ್ದು ನಾಯಿ ಎಲ್ಲಿದೆ ಅಂತ, ಅದು ತೋರಿಸುವುದು ಗೋಡೆ. ಮೂಲೆ ತಿರುಗಿದರೆ ಎದುರಿಗೇ ನಾಯಿ. ಅಡಗಿಕೊಳ್ಳುವ ಆಟದಲ್ಲಿ ಕಣ್ಣೇ ಕಟ್ಟಿಬಿಟ್ಟರೆ ಹೇಗೆ? ತಪ್ಪು ನನ್ನದಾಗಿದ್ದರೆ ಒಪ್ಪುತ್ತಿದ್ದೆ. ಮೊದಲ ಆರು ತಿಂಗಳಲ್ಲಿ ನಾವು ಸಿಕ್ಕಿಬಿದ್ದದ್ದರಲ್ಲಿ ಅರ್ಧದಷ್ಟು ನಮ್ಮ ತಪ್ಪಲ್ಲ. ಒಂದು ರಾತ್ರಿ ಇನ್ನೇನು ದಾಟಿದೆವು ಅನ್ನುವಾಗ ಹೀಗಾಯಿತು. ಮತ್ತೆ ಶುರು ಮಾಡೋಣ ಅನ್ನುವಷ್ಟರಲ್ಲಿ ಕರೆಂಟೂ ಹೋಯಿತು. ಸೇವ್ ಮಾಡಿರಲಿಲ್ಲ. ಮಗ ಅತ್ತೇಬಿಟ್ಟ. ಸೆಟ್ಟನ್ನು ಬೀರು ಮೇಲಕ್ಕೆ ಹಾಕಿದೆ, ಮೂರು ತಿಂಗಳು ಇಳಿಸಲಿಲ್ಲ. ಆಗ ಬರೆದಿದ್ದರೆ ಇದು ಬೇರೆಯದೇ ವಿಮರ್ಶೆ ಆಗುತ್ತಿತ್ತು.

ಬೇಸಿಗೆ ರಜೆಗೆ ಶಿಡ್ಲಘಟ್ಟದ ಹತ್ತಿರದ ನಮ್ಮತ್ತೆ ಊರಿಗೆ ಹೋದೆವು. ಸಂಜೆ ಅತ್ತೆ ನಾಟಿ ಕೋಳಿಗಳನ್ನು ಹಿಡಿದು ಮಂಕರಿ ಕವುಚುತ್ತಾರೆ, ರಾತ್ರಿ ಕಾಡುಬೆಕ್ಕಿನ ಕಾಟ ಅಂತ. ಮಗ ಜಗುಲಿ ಮೇಲೆ ಕೂತು ದಿನಾ ನೋಡುತ್ತಿದ್ದ. ನಾಲ್ಕನೇ ದಿನ ನನ್ನನ್ನು ಕರೆದ. ‘ಅಮ್ಮಾ, ಅಜ್ಜಿ ಬರೋದು ಗೊತ್ತಾದ್ರೂ ಹೇಂಟೆ ಸುಮ್ನೆ ಓಡಲ್ಲ ನೋಡು. ನಿಲ್ಲುತ್ತೆ, ಕತ್ತು ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತೆ, ಆಮೇಲೆ ಒಂದು ಹೆಜ್ಜೆ.’ ನಿಜ. ಒಂದು ಕಾಲು ಎತ್ತಿ, ಬೆರಳು ಮಡಚಿ, ಹಾಗೇ ನಿಂತಿರುತ್ತದೆ. ನಂಬಿಕೆ ಬಂದ ಮೇಲೇ ಆ ಕಾಲು ನೆಲಕ್ಕೆ. ಹುಟ್ಟಿದಾಗಿನಿಂದ ಕೋಳಿ ನೋಡಿದ್ದೇನೆ, ಇದನ್ನು ನೋಡಿರಲಿಲ್ಲ.

ಊರಿಂದ ಬಂದ ರಾತ್ರಿಯೇ ಸೆಟ್ಟು ಬೀರುವಿಂದ ಇಳಿಯಿತು. ಈಗ ಅವನು ಹಾಗೇ ಆಡುತ್ತಾನೆ. ಮೂಲೆ ಬರುವ ಮೊದಲೇ ನಿಲ್ಲುತ್ತಾನೆ. ನಾಯಿ ಒಂದು ಸುತ್ತು ಬರಲು ಎಷ್ಟು ಹೊತ್ತು ಅಂತ ಬೆರಳಲ್ಲಿ ಎಣಿಸುತ್ತಾನೆ. ಎರಡನೇ ಸುತ್ತಿಗೆ ಹೊರಡುತ್ತಾನೆ. ಕ್ಯಾಮೆರಾ ಗೋಡೆ ತೋರಿಸಿದರೂ ಲೆಕ್ಕ ಅವನ ಬೆರಳಲ್ಲಿರುತ್ತದೆ. ಸಿಕ್ಕಿಬೀಳುವುದು ಬಹಳ ಕಮ್ಮಿ ಆಗಿದೆ. ಈ ಜೂನಲ್ಲಿ ಆಟ ಪೂರ್ತಿ ಮುಗಿಸಿದೆವು. ಮುಗಿಸಿದ ಮಾರನೇ ದಿನ ಮೊದಲಿಂದ ಶುರು.

ತರಬೇಕು ಅನ್ನುವವರಿಗೆ ಎರಡು ಮಾತು. ಮನೆಯಲ್ಲಿ ಹಳೇ ದಪ್ಪ ಟಿವಿ ಇದ್ದರೆ ಗುಜರಿಗೆ ಹಾಕಬೇಡಿ. ಆಟದಲ್ಲಿ ಕತ್ತಲೆ ಜಾಸ್ತಿ. ನಮ್ಮ ತಮ್ಮನ ಮನೆಯ ಎಲ್‌ಇಡಿಯಲ್ಲಿ ಅದು ಬೂದಿ ಎರಚಿದ ಹಾಗೆ ಕಾಣಿಸಿತು. ಮಾತೆಲ್ಲ ಇಂಗ್ಲಿಷಲ್ಲಿ, ಅದೂ ಹೆಚ್ಚಾಗಿ ಬ್ರಿಟಿಷ್ ಉಚ್ಚಾರಣೆ. ಮಗ ಕನ್ನಡ ಮೀಡಿಯಂ, ಮೊದಮೊದಲು ಪಕ್ಕದಲ್ಲಿ ಕೂತು ಹೇಳಿಕೊಡಬೇಕಾಯಿತು. ಕಂಪ್ಯೂಟರ್‌ಗೂ ಡ್ರೀಮ್‌ಕಾಸ್ಟ್ ಅನ್ನುವ ಇನ್ನೊಂದು ಆಟದ ಪೆಟ್ಟಿಗೆಗೂ ಇದೇ ಆಟ ಬಂದಿತ್ತು. ನಾನು ಆಡಿರುವುದು ಪ್ಲೇಸ್ಟೇಷನ್‌ನಲ್ಲಿ ಮಾತ್ರ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಯಾಕೆ ಅಂತ ಗೊತ್ತಲ್ವಾ?

ಭಾನುವಾರ ಮುದ್ದೆ ಜೊತೆ ಕೋಳಿ ಸಾರು ಮಗ ಈಗಲೂ ಉಣ್ಣುತ್ತಾನೆ. ಆದರೆ ಅಜ್ಜಿ ಹಿತ್ತಲಲ್ಲಿರುವ ಚುಕ್ಕಿ ಹೇಂಟೆಗೆ ವಯಸ್ಸಾಗಿದೆ, ಮೊಟ್ಟೆ ಇಡುವುದು ನಿಂತಿದೆ. ಅದನ್ನು ಕುಯ್ಯಬಾರದು ಅಂತ ಫೋನ್ ಮಾಡಿ ಮಾತು ತಗೊಂಡಿದ್ದಾನೆ. ಅದೊಂದಕ್ಕೆ ಅತ್ತೆ ಒಪ್ಪಿದ್ದಾರೆ.