ಮನೆಗೆ ಬಂದು ನೋಡುವ ಡಯಟೀಷಿಯನ್: ನಮ್ಮ ಅಪ್ಪನ ವಿಷಯದಲ್ಲಿ ಆದದ್ದು

ಅಪ್ಪನಿಗೆ 78. ಹಾರ್ಟ್ ಫೇಲ್ಯೂರ್ ಇದೆ, ಅಂದರೆ ಹೃದಯ ರಕ್ತವನ್ನು ಸರಿಯಾಗಿ ಪಂಪ್ ಮಾಡುವುದಿಲ್ಲ. ಈ ಮಳೆಗಾಲದಲ್ಲಿ ಒಂದೇ ಒಂದು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತಿಂದು, ಹೊಟ್ಟೆ ತುಂಬಿತು ಅಂತ ಎದ್ದುಬಿಡುತ್ತಿದ್ದರು. ಆದರೆ ತೂಕ ಮಾತ್ರ 58 ಕಿಲೋದಲ್ಲೇ ಇತ್ತು, ಹಾಗಾಗಿ ನಾವೂ ಸುಮ್ನಿದ್ದೆವು.

ಮಡಿಕೇರಿಯಿಂದ ಬಂದ ಡಯಟೀಷಿಯನ್ (ಆಹಾರ ತಜ್ಞೆ) ಮೇಡಂ ತೂಕ ಕೇಳಲೇ ಇಲ್ಲ. ಅಪ್ಪನ ಕೈ ಹಿಡಿದು ಮೇಲೆತ್ತಿದರು. ವಾಚು ಮಣಿಕಟ್ಟಿನಿಂದ ಸರ್ರನೆ ಮೊಣಕೈ ಹತ್ತಿರಕ್ಕೆ ಜಾರಿತು. ದಿನಾ ನೋಡುವ ನಮಗೆ ಅದು ಕಂಡೇ ಇರಲಿಲ್ಲ! ಆಮೇಲೆ ಪಾದ ಒತ್ತಿದರು, ಗುಳಿ ಬಿತ್ತು. ಮೊದಲು ಡಾಕ್ಟರಿಗೆ ತೋರಿಸಿ ಅಂದರು. ಡಾಕ್ಟರು ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ ಬದಲಿಸಿದ ಮೇಲೆ ತೂಕ 54ಕ್ಕೆ ಇಳಿಯಿತು. ಅಂದರೆ ಮೈಯಲ್ಲಿ ತುಂಬಿಕೊಂಡಿದ್ದ ನೀರು, ಕರಗುತ್ತಿದ್ದ ಮಾಂಸವನ್ನು ಮುಚ್ಚಿಟ್ಟಿತ್ತು. ಊತ ಇಳಿದ ಮೇಲೆಯೇ ಮೇಡಂ ಮೀನಖಂಡಕ್ಕೆ ಟೇಪು ಸುತ್ತಿದ್ದು: 29 ಸೆಂಟಿಮೀಟರ್. ವಯಸ್ಸಾದವರಲ್ಲಿ 31ಕ್ಕಿಂತ ಕಡಿಮೆ ಬಂದರೆ ಎಚ್ಚರ ಬೇಕಂತೆ.

ಕರುಳಿಗೂ ನೀರು ಸೇರಿ ಊದಿಕೊಳ್ಳುತ್ತದೆ, ಅದಕ್ಕೇ ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ ಅಂತ ಹೇಳಿದರು. ಅಮ್ಮನಿಗೆ ಆ ಮಾತು ಎಷ್ಟು ಸಮಾಧಾನ ಕೊಟ್ಟಿತೋ, ಇಷ್ಟು ದಿನ ತನ್ನ ಅಡುಗೆಯೇ ರುಚಿಯಿಲ್ಲ ಅಂದುಕೊಂಡಿದ್ದಳು. ಈಗ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ಕಿಡ್ನಿ ರಿಪೋರ್ಟ್ ನೋಡಿ, ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು ಅಂದರು. ಮೊಟ್ಟೆ, ಕೋಳಿ, ಮೀನು, ಮೊಸರು, ಬೇಳೆ. ಉಪ್ಪಿನಕಾಯಿ, ಒಣಮೀನು ಬೇಡ. ಉಪ್ಪು ಕಡಿಮೆ ಮಾಡಿದ ಕೋಳಿ ಸಾರಿಗೆ ಕಾಳುಮೆಣಸು, ಬೆಳ್ಳುಳ್ಳಿ ಜಾಸ್ತಿ ಹಾಕಿ ಎರಡು ಹನಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಿಡಿ ಅಂತ ಹೇಳಿಕೊಟ್ಟರಲ್ಲ, ಅವತ್ತೇ ಅಪ್ಪ ಇನ್ನೊಂದು ಸೌಟು ಹಾಕಿಸಿಕೊಂಡರು. ಅಂಗಡಿಯ ಕಡಿಮೆ ಸೋಡಿಯಂ ಉಪ್ಪು ತಂದಿದ್ದೆ, ಅದನ್ನು ಎತ್ತಿಡಿಸಿದರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಅಪ್ಪ ತೆಗೆದುಕೊಳ್ಳುವ ಮಾತ್ರೆಯ ಜೊತೆ ಅಪಾಯ.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಬೇಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ಡಾಕ್ಟರಿಗೆ ಫೋನ್ ಮಾಡಬೇಕು.

ಬೇಜಾರಾದದ್ದು ಒಂದೇ. ಬರೆದುಕೊಟ್ಟ ಚಾರ್ಟು ಪೂರ್ತಿ ಇಂಗ್ಲಿಷಿನಲ್ಲಿತ್ತು, ಅದರಲ್ಲಿ ಓಟ್ಸು, ಬ್ರೊಕೊಲಿ ಬೇರೆ. ಅಡುಗೆ ಮಾಡುವುದು ಅಮ್ಮ ಅಲ್ವಾ? ರಾತ್ರಿ ಕೂತು ನಾನೇ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಬಾಯಲ್ಲಿ ಅಷ್ಟು ಚೆನ್ನಾಗಿ ಹೇಳುವವರು ಕಾಗದದಲ್ಲೂ ಹಾಗೇ ಬರೆಯಬೇಕು.

ನಾಪೋಕ್ಲು ಕಡೆಗೆ ವಾರಕ್ಕೆ ಒಂದೇ ದಿನ ಬರುತ್ತಾರೆ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಾತ್ರೆ ಚೀಟಿ, ರಕ್ತದ ರಿಪೋರ್ಟು ಎದುರಿಗೇ ತೆಗೆದಿಟ್ಟಿರಿ.