ಮಣ್ಣು ತುಂಬಿಸೋರೇ, ಬೆಂಚ್ ಮಾರ್ಕ್ ಮೇಲೆ ಕಣ್ಣಿಡಿ

ಜಾಗ ಮಟ್ಟ ಮಾಡಿಸ್ತಿರೋರು ದಯವಿಟ್ಟು ಇದನ್ನ ಓದಿ. ಕಂಟ್ರಾಕ್ಟರ್ ಕರ್ಕೊಂಡು ಬಂದ ಸರ್ವೆಯರ್ ಕೊಟ್ಟ ಲೆವೆಲ್ ಶೀಟ್ (ನೆಲದ ಎತ್ತರ ಅಳೆದು ಬರೆದ ಪಟ್ಟಿ) ನಂಬಿ ಸಹಿ ಹಾಕಬೇಡಿ. ನಾನು ಹಾಕಿದೆ. ಆರೂ ಪುಟಕ್ಕೆ ಹಾಕಿದೆ.

ಅರಸೀಕೆರೆ ಹತ್ತಿರ ರಸ್ತೆ ಪಕ್ಕ 20 ಗುಂಟೆ, ಕೊಬ್ಬರಿ ಗೋದಾಮು ಕಟ್ಟೋಕೆ ಅಂತ. ಜಾಗ ತಗ್ಗು, ಒಂದು ಮೂಲೇಲಿ 2 ಗುಂಟೆಯಷ್ಟು ಮಾತ್ರ ದಿಬ್ಬ. ಟಿಪ್ಪರ್ ಲೋಡ್ ಲೆಕ್ಕದಲ್ಲಿ ಮೋಸ ಆಗುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ, ಅದಕ್ಕೇ ನಾನೇ ಹಠ ಹಿಡಿದು ಅಳತೆ ಲೆಕ್ಕಕ್ಕೆ ಒಪ್ಪಿಸಿದ್ದೆ. ಮೊದಲಿದ್ದ ನೆಲದ ಲೆವೆಲ್, ಮುಗಿದ ಮೇಲಿನ ಲೆವೆಲ್, ಎರಡರ ವ್ಯತ್ಯಾಸಕ್ಕೆ ಘನ ಮೀಟರಿಗೆ 350 ರೂಪಾಯಿ. ರಸ್ತೆ ಮಟ್ಟದ ಮೋರಿ ಚಪ್ಪಡಿ ಮೇಲೆ ಹಳದಿ ಪೇಂಟಲ್ಲಿ ಗುರುತು ಹಾಕಿ ಅದನ್ನ 100.000 ಮೀಟರ್ ಅಂತ ಹಿಡಿದ್ರು. ಇದೇ ಬೆಂಚ್ ಮಾರ್ಕ್, ಬೇರೆಲ್ಲ ಎತ್ತರ ಅಳೆಯೋಕೆ ಆಧಾರದ ಗುರುತು. ಕೆಲಸ ಮುಗಿದ ಮೇಲೆ ನೆಲ ಅದಕ್ಕಿಂತ 15 ಸೆಂ.ಮೀ. ಎತ್ತರ, ಅಂದ್ರೆ 100.150 ಬರಬೇಕು. ಕೊನೇ ಶೀಟಲ್ಲಿ ಎಲ್ಲಾ ಕಡೆ 100.140, 100.150, 100.160. ಎಷ್ಟು ನೀಟಾಗಿ ಮಾಡಿದ್ದಾರೆ ಅಂದ್ಕೊಂಡು ಅವತ್ತೇ ಪೂರ್ತಿ ದುಡ್ಡು ಕೊಟ್ಟೆ. ಅಪ್ಪ ತೆಂಗಿನ ತೋಟದಲ್ಲಿ ದುಡಿದು ಕೂಡಿಟ್ಟ ದುಡ್ಡು ಅದು.

ಜೂನ್‌ನಲ್ಲಿ ಮೊದಲ ಜೋರು ಮಳೆ. ರಸ್ತೆ ನೀರೆಲ್ಲ ಗೇಟಿಂದ ಒಳಗೆ ಬಂದು ಪಾಯದ ಗುಂಡಿ ತುಂಬಿತ್ತು. ರಸ್ತೆಗಿಂತ ಎತ್ತರದ ಜಾಗಕ್ಕೆ ರಸ್ತೆ ನೀರು ಹೇಗೆ ಬರುತ್ತೆ?

ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ. "ಅಣ್ಣ, ಹೊಸ ಮಣ್ಣು, ಮಳೆಗೆ ಕೂತಿದೆ" ಅಂದ. ರೋಲರ್ ಹೊಡೆಸಿದ್ಯಲ್ಲಪ್ಪ ಅಂದೆ. "ಎಷ್ಟು ಹೊಡೆಸಿದ್ರೂ ಕೂರುತ್ತೆ ಅಣ್ಣ, ಅದೆಲ್ಲ ನಿಮಗೆ ಗೊತ್ತಾಗಲ್ಲ."

ತಿಪಟೂರಿಂದ ಬೇರೆ ಸರ್ವೆಯರ್ ಕರೆಸಿದೆ. ಆಟೋ ಲೆವೆಲ್ (ಮಟ್ಟ ನೋಡೋ ದುರ್ಬೀನು) ಇಟ್ಟು ಮೋರಿ ಗುರುತಿನ ಮೇಲೆ ಸ್ಟಾಫ್ (ಅಳತೆ ಅಂಕಿ ಇರೋ ಕೋಲು) ಹಿಡಿಸಿದ್ರು, 1.250. "ಹಾಗಾದ್ರೆ ನಿಮ್ಮ ನೆಲದ ಮೇಲೆ 1.100 ಬರಬೇಕು, ನೀವೇ ನೋಡಿ" ಅಂತ ನನ್ನನ್ನ ಕರೆದ್ರು. ಬಗ್ಗಿ ನೋಡಿದೆ. 1.400. ಕಣ್ಣು ಒರೆಸ್ಕೊಂಡು ಮತ್ತೆ ನೋಡಿದೆ, 1.400. ಸ್ಟಾಫಲ್ಲಿ ಅಂಕಿ ಜಾಸ್ತಿ ಬಂದ್ರೆ ನೆಲ ಅಷ್ಟು ಕೆಳಗಿದೆ ಅಂತ. ಪೂರಾ 30 ಸೆಂ.ಮೀ.! 12 ಕಡೆ ನೋಡಿದ್ವಿ, 29, 30, 31, ಅಷ್ಟೇ. ದಿಬ್ಬದ ಮೂಲೇಲೂ 30. ಅಲ್ಲಿ ತುಂಬಿದ್ದೇ ಇಲ್ಲ, ಕಡಿದಿದ್ದು. ಮಣ್ಣೇ ಹಾಕದ ಕಡೆ ಮಣ್ಣು ಹೇಗಪ್ಪಾ ಕೂರುತ್ತೆ?

ಆಮೇಲೆ ಶೀಟ್ ಕೈಗೆ ತಗೊಂಡ್ರು. ಕೊನೇ ಲೆವೆಲ್‌ನ ಮೋರಿಯಿಂದ ತೆಗೆದೇ ಇಲ್ಲ. ಪಕ್ಕದ ತೋಟದ ಪಂಪ್ ಮನೆ ಹೊಸಿಲನ್ನ ಎರಡನೇ ಬೆಂಚ್ ಮಾರ್ಕ್ ಮಾಡ್ಕೊಂಡು 100.720 ಅಂತ ಬರೆದಿದ್ದಾರೆ. ಮೋರಿಯಿಂದ ಹಿಡಿದು ಬಂದ್ರೆ ಆ ಹೊಸಿಲು 100.420. ಒಂದೇ ಒಂದು ಅಂಕಿ ತಿದ್ದಿದ್ದಕ್ಕೆ ಇಡೀ ನೆಲ ಕಾಗದದ ಮೇಲೆ 30 ಸೆಂ.ಮೀ. ಮೇಲೆದ್ದಿದೆ. ದಿಬ್ಬ ಬಿಟ್ಟು 18 ಗುಂಟೆಗೆ ಲೆಕ್ಕ ಹಾಕಿದ್ರೂ ಸುಮಾರು 546 ಘನ ಮೀಟರ್, 1,91,000 ರೂಪಾಯಿ. ಹಾಕದೇ ಇರೋ ಮಣ್ಣಿಗೆ.

ಮತ್ತೆ ಫೋನ್ ಮಾಡಿದೆ. ಈ ಸಲ ಮಣ್ಣು ಕೂತ ಮಾತೇ ಇಲ್ಲ. "ಮೋರಿ ಮೇಲೆ ಹೊಸ ಡಾಂಬರು ಬಿದ್ದಿರುತ್ತೆ, ಗುರುತು ಎತ್ತರ ಆಗಿದೆ ಅಣ್ಣ." ಡಾಂಬರು ಬಿದ್ದಿದ್ರೆ ಹಳದಿ ಪೇಂಟ್ ಕಾಣ್ತಿತ್ತೇನೋ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಶೀಟ್ ಮೇಲೆ ಸಹಿ ಯಾರದ್ದು ಅಣ್ಣ?" ಅಂದ. ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಹದಿನೈದು ದಿನ ಮನೇಲಿ ಹೇಳೋಕೇ ಆಗಲಿಲ್ಲ ನನಗೆ.

ಮೊದಲ ಲೆವೆಲ್, ಕೊನೇ ಲೆವೆಲ್ ಎರಡನ್ನೂ ನಿಮ್ಮ ದುಡ್ಡಲ್ಲಿ ನಿಮ್ಮ ಸರ್ವೆಯರ್ ಕೈಲೇ ತೆಗೆಸಿ. ಕಂಟ್ರಾಕ್ಟರ್ ಕಡೆಯವನು ಬೇಡ, ಬೇಡವೇ ಬೇಡ. ಬೆಂಚ್ ಮಾರ್ಕ್ ಬದಲಾಯಿಸಿದ್ರೆ ಯಾಕೆ ಅಂತ ಅಲ್ಲೇ ಕೇಳಿ. ಮೊಟ್ಟಮೊದಲು 100.000 ಅಂತ ಹಿಡಿದ ಗುರುತಿಗೇ ವಾಪಸ್ ಬಂದು ಸ್ಟಾಫ್ ಇಟ್ಟು ಅದೇ ಲೆವೆಲ್ ಬರುತ್ತಾ ನೋಡಿ, ಹತ್ತು ನಿಮಿಷದ ಕೆಲಸ. ಸಹಿ ಆಮೇಲೆ, ದುಡ್ಡು ಅದಕ್ಕೂ ಆಮೇಲೆ.

ವಕೀಲರಿಂದ ನೋಟಿಸ್ ಕಳಿಸಿದ್ದೀನಿ. ಮೋರಿ ಮೇಲಿನ ಹಳದಿ ಗುರುತಿನ ಫೋಟೋ ದಿನಾ ಬೆಳಿಗ್ಗೆ ಹೋಗಿ ತೆಗೆದುಕೊಂಡು ಬರ್ತಿದ್ದೀನಿ, ಯಾರೂ ಉಜ್ಜಿ ಅಳಿಸದೇ ಇರಲಿ ಅಂತ.